ಯೆಮನ್ ಗಿಡ, ಮೂಡಿಗೆರೆ ಮಳೆ

ಮೂಡಿಗೆರೆಯಲ್ಲಿ ಅಡೆನಿಯಂ, ಅಂದರೆ ಒಣನಾಡಿನ ದಪ್ಪ ಬುಡದ ಹೂಗಿಡ, ಬೆಳೆಸುತ್ತೇನೆ ಅಂದರೆ ನಗುವವರೇ ಜಾಸ್ತಿ. ಬಿದ್ದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುವ ಜನ ನಾವು. ಜುಲೈಯಲ್ಲಿ ಬಟ್ಟೆ ಒಣಗಬೇಕಾದರೂ ಒಲೆಯೇ ಗತಿ. ಆ ಗಿಡಕ್ಕೋ, ತಿಂಗಳುಗಟ್ಟಲೆ ನೀರು ಕೊಡದಿದ್ದರೂ ಬೇಜಾರಿಲ್ಲ.

ಆದರೆ ಈ ಸೀಮೆಗೆ ಯೆಮನ್‌ನ ಗಿಡ ಹೊಸದೇನಲ್ಲ ಅಲ್ವಾ? ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಅಂತ ಹೇಳುವುದು ಅಲ್ಲಿಂದಲೇ. ಅಲ್ಲಿ ಕಾಫಿ ಬೆಳೆಯುವುದು ಬೆಟ್ಟದ ಮೇಲೆ, ಮೆಟ್ಟಿಲು ಗದ್ದೆಗಳಲ್ಲಿ. ಅಡೆನಿಯಂ ಇರುವುದು ಕೆಳಗಿನ ಒಣ ಕಲ್ಲುಗುಡ್ಡಗಳಲ್ಲಿ. ಅದನ್ನು ಅಲ್ಲಿ ನೋಡಿ ಬರೆದಿಟ್ಟವನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್ಕೋಲ್. ಡೆನ್ಮಾರ್ಕಿನ ರಾಜ ಕಳಿಸಿದ ತಂಡದ ಜೊತೆ ಹೋದವನು 1763ರಲ್ಲಿ ಯೆಮನ್‌ನಲ್ಲೇ ಮಲೇರಿಯಾ ಬಂದು ತೀರಿಕೊಂಡ. ಇಡೀ ತಂಡದಲ್ಲಿ ಬದುಕಿ ವಾಪಸ್ ಬಂದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಬರಹವನ್ನು 1775ರಲ್ಲಿ ಅಚ್ಚು ಹಾಕಿಸಿದವನೂ ಅವನೇ. ಆಗ ಈ ಗಿಡವನ್ನು ಕಣಗಿಲೆಯ ಜೊತೆ ಸೇರಿಸಿದ್ದರು. 1819ರಲ್ಲಿ ಬೇರೆ ಕುಲ ಮಾಡಿದರು.

ಕಣಗಿಲೆಯ ಹತ್ತಿರದ ನೆಂಟ ಅನ್ನುವುದು ಹೂವು ನೋಡಿದರೆ ಗೊತ್ತಾಗುತ್ತದೆ. ವಿಷವೂ ಅದೇ ಮನೆತನದ್ದು. ಕೊಂಬೆ ಕತ್ತರಿಸಿದರೆ ಬರುವ ಸೊನೆ ಹೃದಯದ ಮೇಲೆ ಕೆಲಸ ಮಾಡುವಂಥದ್ದು. ಆಫ್ರಿಕಾದಲ್ಲಿ ಬೇಟೆಯವರು ಅದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ನಾನು ಸವರಿದ ಕೊಂಬೆಗಳನ್ನು ದನದ ಬಾಯಿಗೆ ಸಿಗದ ಹಾಗೆ ಗುಂಡಿ ತೋಡಿ ಹೂಳುತ್ತೇನೆ.

ಪ್ರಭೇದ ಎಷ್ಟು ಅನ್ನುವುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ನರ್ಸರಿಯಲ್ಲಿ ನಮಗೆ ಸಿಗುವುದೆಲ್ಲ ಹೆಚ್ಚುಕಮ್ಮಿ ಒಬೆಸಮ್, ಇಲ್ಲವೇ ಅದರ ಮಿಶ್ರತಳಿ. ಬುಡ ಅಗಲವಾಗಿ ಹರಡಿ ಕೂತಿದ್ದರೆ ಅರಬಿಕಂ ಅಂತ ಹೇಳಿ ದುಡ್ಡು ಜಾಸ್ತಿ ಕೇಳುತ್ತಾರೆ. ಸೊಕೋತ್ರ ದ್ವೀಪದ ಸೊಕೋತ್ರಾನಂ ಆಳೆತ್ತರ ಮೀರಿ ಮರವೇ ಆಗುತ್ತದೆ. ದಕ್ಷಿಣ ಆಫ್ರಿಕಾದ ಮಲ್ಟಿಫ್ಲೋರಂ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ, ಬರೀ ಕೊಂಬೆಯ ಮೇಲೆ ಕೆಂಪು ಅಂಚಿನ ಬಿಳಿ ಹೂ ಬಿಡುತ್ತದೆ. ಆಫ್ರಿಕಾದ ಕಲಹರಿ ಮರುಭೂಮಿಯ ಓಲಿಫೋಲಿಯಂ ಗೆಡ್ಡೆಯನ್ನು ಮಣ್ಣಿನೊಳಗೇ ಬಚ್ಚಿಟ್ಟುಕೊಂಡಿರುತ್ತದೆ. ನನಗೆ ಆಸೆ ಇರುವುದು ಸ್ವಾಜಿಕಂ ಮೇಲೆ. ತಿಳಿನೇರಳೆ ಹೂವಿನದು. ಆದರೆ ಅದರ ತವರಲ್ಲೇ ಅದು ಕಮ್ಮಿಯಾಗಿದೆ.

ತೋಟದ ಕೆಲಸಕ್ಕೆ ಬರುವ ಹುಡುಗನಿಗೆ ಇದರ ಗೆಡ್ಡೆ ನೋಡಿದರೆ ಸಂಕಟ. "ಅಕ್ಕಾ, ಬೇರೆಲ್ಲ ಮೇಲೆ ಬಂದುಬಿಟ್ಟಿದೆ, ಒಂದು ಬುಟ್ಟಿ ಮಣ್ಣು ಹಾಕ್ಲಾ?" ಅನ್ನುತ್ತಾನೆ. ನಾನು ಪ್ರತಿ ಸಲ ಕುಂಡ ಬದಲಿಸುವಾಗ ಗೆಡ್ಡೆಯನ್ನು ಇನ್ನೊಂದು ಬೆರಳು ಮೇಲಕ್ಕೆ ಎತ್ತಿಯೇ ನೆಡುತ್ತೇನೆ. ನೀರು ಕೂಡಿಟ್ಟುಕೊಳ್ಳುವ ಜಾಗ ಅದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಅಂಥ ಗೆಡ್ಡೆ ಬೇಕಾದರೆ ಬೀಜದಿಂದಲೇ ಬೆಳೆಸಬೇಕು. ಕಡ್ಡಿ ನೆಟ್ಟರೆ ಹೂ ಬೇಗ ಬರುತ್ತದೆ, ಚಂದದ ಬುಡ ಬರುವುದಿಲ್ಲ.

ಮಣ್ಣಿನ ವಿಷಯದಲ್ಲಿ ಕಾಫಿ ತೋಟದ ಬುದ್ಧಿ ಬಿಡಬೇಕು. ನಮ್ಮ ಕಪ್ಪು ಗೋಡು ಇದಕ್ಕೆ ಬೇಡವೇ ಬೇಡ. ಇಟ್ಟಿಗೆ ಚೂರು, ದಪ್ಪ ಮರಳು, ಇದ್ದಿಲು, ಒಂದು ಹಿಡಿ ಹಳೇ ಗೊಬ್ಬರ, ಇಷ್ಟು ಸಾಕು. ಹಾಕಿದ ನೀರು ತಕ್ಷಣ ಕೆಳಗಿನ ತೂತಿಂದ ಸುರಿಯಬೇಕು. ಮಾರ್ಚ್–ಏಪ್ರಿಲ್‌ನ ಹೂಮಳೆಗೆ ಕುಂಡ ಹೊರಗೇ ಇದ್ದರೆ ತೊಂದರೆ ಇಲ್ಲ. ಮಳೆಗಾಲ ಹಿಡಿಯುವ ಮೊದಲು ಎಲ್ಲವನ್ನೂ ಕಣದ ಪಕ್ಕದ ಶೀಟಿನ ಕೆಳಗೆ ತಂದಿಡುತ್ತೇನೆ. ಅಲ್ಲಿಂದ ನೀರು ಬಂದ್. ಎಲೆ ಹಳದಿಯಾಗಿ ಉದುರುತ್ತದೆ, ಉದುರಲಿ. ಆಗೊಮ್ಮೆ ಈಗೊಮ್ಮೆ ಹೆಬ್ಬೆರಳಿನಿಂದ ಬುಡ ಒತ್ತಿ ನೋಡುತ್ತೇನೆ. ಸ್ವಲ್ಪ ಸುಕ್ಕಾಗಿದ್ದರೆ ಬಾಯಾರಿಕೆ ಅಷ್ಟೆ. ಬೆರಳು ಮೆತ್ತಗೆ ಒಳಗೆ ಹೋಗಿ ಹುಳಿ ವಾಸನೆ ಬಂದರೆ ಕೊಳೆತ. ಕೂಡಲೇ ಚಾಕು ತಗೊಂಡು, ಒಳಗೆ ಬೆಳ್ಳಗೆ ಗಟ್ಟಿ ಭಾಗ ಕಾಣುವ ತನಕ ಕೆತ್ತಬೇಕು. ಗಾಯ ಪೂರ್ತಿ ಒಣಗಿದ ಮೇಲೇ ಮತ್ತೆ ನೆಡುವುದು.

ಇನ್ನೊಂದು ಕಾಟ ಕಣಗಿಲೆ ಹುಳ. ಬೆರಳುದ್ದದ ಹಸಿರು ಹುಳ, ಎಲೆಯ ಬಣ್ಣವೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಕುಂಡದ ಮೇಲೆ ಕಾಳಿನಂಥ ಹಿಕ್ಕೆ ಕಂಡರೆ ಮೇಲೆ ಹುಡುಕಿ. ಮುಟ್ಟಿದರೆ ತಲೆ ಒಳಗೆಳೆದುಕೊಂಡು, ಬೆನ್ನ ಮೇಲಿನ ಎರಡು ನೀಲಿ ಕಣ್ಣು ಅರಳಿಸಿ ಹೆದರಿಸುತ್ತದೆ. ನಿಜವಾದ ಕಣ್ಣಲ್ಲ, ಬರೀ ಮಚ್ಚೆ. ನಮಗೆ ಸಾಯುವಷ್ಟು ವಿಷವಾದ ಎಲೆ ಅದಕ್ಕೆ ಊಟ. ನಾನು ಔಷಧಿ ಹೊಡೆಯುವುದಿಲ್ಲ, ತೆಗೆದು ಬೇಲಿಯ ಕಣಗಿಲೆಗೆ ಬಿಡುತ್ತೇನೆ.

ಕಡೂರಿನ ಚಿಕ್ಕಮ್ಮನಿಗೆ ಈ ಯಾವ ಗೋಳೂ ಇಲ್ಲ. ಅವರ ತಾರಸಿಯಲ್ಲಿ ವರ್ಷವಿಡೀ ಬಿಸಿಲು, ಕುಂಡ ಇಟ್ಟ ಕಡೆಯೇ ಇದೆ. ಇದೇ ಜಿಲ್ಲೆ ನೋಡಿ! "ನಿಮ್ಮೂರಲ್ಲಿ ಏಲಕ್ಕಿ ಬೆಳಿ, ಇದನ್ನ ನಂಗೆ ಬಿಡು" ಅಂತ ಸುಮ್ನೆ ರೇಗಿಸುತ್ತಾರೆ. ಈಗ ಅವರ ಗಿಡದಲ್ಲಿ ಜೋಡಿ ಕೊಂಬಿನ ಹಾಗೆ ಕಾಯಿ ನಿಂತಿದೆ. ದಾರ ಸುತ್ತಿಡಿ ಅಂತ ಫೋನಲ್ಲಿ ಹೇಳಿದ್ದೇನೆ. ಬೀಜದ ಎರಡೂ ತುದಿಗೆ ರೇಷ್ಮೆಯಂಥ ಕುಚ್ಚು ಇರುತ್ತದೆ, ಕಾಯಿ ಒಡೆದರೆ ಗಾಳಿಗೆ ಅರ್ಧ ಕಡೂರು ಸುತ್ತಿಬಿಡುತ್ತವೆ. ಬೀಜ ಹೊಸದಿದ್ದಾಗಲೇ ಬಿತ್ತಬೇಕು, ಹಳೆಯದಾದಷ್ಟೂ ಹುಟ್ಟುವುದು ಕಮ್ಮಿ. ಮುಂದಿನ ವಾರ ಹೋಗಿ ತಗೊಂಡು ಬರುತ್ತೇನೆ.