ಪಾಯಸದ ಚಮಚ ಮತ್ತು ಜ್ವರದ ಸಿರಪ್

ಮಡಿಕೇರಿ ಮಳೆ ಗೊತ್ತಲ್ವಾ, ಜುಲೈ ಬಂತೆಂದರೆ ಮನೆಯಲ್ಲಿ ಒಬ್ಬರಿಗಾದರೂ ಜ್ವರ. ಮೊನ್ನೆ ಮಗಳಿಗೆ ಸಿರಪ್ ಕೊಡಲು ಅತ್ತೆ ಪಾಯಸದ ಚಮಚ ತಂದರು. "ಬೇಡ ಅತ್ತೆ, ಬಾಟಲಿ ಜೊತೆ ಬಂದ ಕಪ್ಪಲ್ಲೇ ಅಳೆಯೋಣ" ಅಂದೆ. ಡಾಕ್ಟರ್ ಚೀಟಿಯ ಒಂದು ಚಮಚ ಅಂದರೆ 5 ಎಂಎಲ್. ನಮ್ಮ ಅಡುಗೆಮನೆಯಲ್ಲಿ ಒಂದೊಂದು ಚಮಚಕ್ಕೆ ಒಂದೊಂದು ಅಳತೆ.

ಇದಕ್ಕಿಂತ ದೊಡ್ಡ ಎಡವಟ್ಟು ಬೇರೆ ಇದೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಎಂಜಿ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹಳೇ ಬಾಟಲಿ ಖಾಲಿಯಾಗಿ ಹೊಸದು ತಂದಾಗ ಲೇಬಲ್ ನೋಡದೆ ಸುಮ್ನೆ ಅಷ್ಟೇ ಸುರಿದರೆ ಡೋಸ್ ಡಬಲ್ ಆಗಿಬಿಡಬಹುದು.

ಇನ್ನು ಚೀಟಿಯಲ್ಲಿ ಬರೆಯುವ 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ. ನಮ್ಮ ಮಾವ ಅದನ್ನು ಮಾತ್ರೆ ಹೆಸರು ಅಂದುಕೊಂಡು ಮೆಡಿಕಲ್‌ನಲ್ಲಿ ಕೇಳಿದ್ದರು!