ಕಡಿಮೆ ತಿನ್ನೋ ಫ್ಯಾನು, ಜಾಸ್ತಿ ತಿರುಗೋ ಫ್ಯಾನು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ 75 ವ್ಯಾಟ್‌ನ ಹಳೇ ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನೋ ಮೋಟರಿನ) ಫ್ಯಾನ್ ಹಾಕಿಸಿದ್ದೇವೆ. ಮೊದಲೆಲ್ಲ ನಮ್ಮವ್ವ ಅಡುಗೆಮನೆಗೆ ಎದ್ದು ಹೋಗುವಾಗ ತಪ್ಪದೇ ಫ್ಯಾನ್ ಬಂದ್ ಮಾಡುತ್ತಿದ್ದಳು. ಈಗಿಲ್ಲ. ಕೇಳಿದರೆ, "ಕರೆಂಟ್ ಕಡಿಮಿ ತಿಂತೈತಿ ಅಂತ ನೀನ ಹೇಳಿದಿ, ಮತ್ತ ಯಾಕ ಬಂದ್ ಮಾಡ್ಲಿ?" ಅಂತಾಳೆ.

ಲೆಕ್ಕ ಹಾಕಿ ನೋಡಿ. ಹಳೇ ಫ್ಯಾನ್ ದಿನಕ್ಕೆ 8 ತಾಸು ತಿರುಗಿದರೆ 0.6 ಯೂನಿಟ್, ಹೊಸದು ಅಷ್ಟೇ ತಿರುಗಿದರೆ 0.24. ಆದರೆ ಹೊಸದು 16 ತಾಸು ತಿರುಗಿದರೆ 0.48. ಅಂದರೆ ಉಳಿಯಬೇಕಿದ್ದದ್ದು 0.36, ಉಳಿದದ್ದು ಬರೀ 0.12. ಇದಕ್ಕೇ ರೀಬೌಂಡ್ ಎಫೆಕ್ಟ್ ಅನ್ನುತ್ತಾರೆ. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಇದನ್ನು ಕಲ್ಲಿದ್ದಲಿನ ವಿಷಯದಲ್ಲಿ ಹೇಳಿದ್ದ: ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಜಾಸ್ತಿ ಕೆಲಸ ಆಗತೊಡಗಿದ ಮೇಲೆ ದೇಶದ ಕಲ್ಲಿದ್ದಲು ಖರ್ಚು ಇಳಿಯಲಿಲ್ಲ, ಏರಿತು.

ಹಾಗಂತ ಎಲ್ಲಾ ಕಡೆ ಹೀಗಾಗಲ್ಲ. 60 ವ್ಯಾಟ್ ಬಲ್ಬ್ 5 ತಾಸು ಉರಿದರೆ 300 ವ್ಯಾಟ್-ಅವರ್. ಅದರ ಬದಲಿಗೆ ಹಾಕಿದ 9 ವ್ಯಾಟ್ ಎಲ್‌ಇಡಿಯನ್ನು ಹಗಲೂ ರಾತ್ರಿ ಆರಿಸದೇ ಬಿಟ್ಟರೂ 216 ದಾಟಲ್ಲ. ಇನ್ನು ಏಪ್ರಿಲ್ ಸೆಕೆಯಲ್ಲಿ ವಯಸ್ಸಾದವರು ಮಧ್ಯಾಹ್ನ ಗಾಳಿಗೆ ಮಲಗಿದರೆ ಅದನ್ನು ಪೋಲು ಅನ್ನೋಕೆ ನನಗಂತೂ ಮನಸ್ಸಿಲ್ಲ. ಸುಮ್ನೆ ಖಾಲಿ ಕೋಣೆಯಲ್ಲಿ ತಿರುಗೋದು ಬೇರೆ ಮಾತು.

ನಿಜವಾದ ಹೊಡೆತ ಎಸಿಯದು. "ಫೈವ್ ಸ್ಟಾರ್ ಇದೆಯಲ್ರೀ" ಅನ್ನೋ ಧೈರ್ಯದ ಮೇಲೆ, ಮೊದಲು ಎಸಿಯೇ ಇಲ್ಲದ ಮನೆಗೆ ಎಸಿ ಬರುತ್ತದೆ. ರಾತ್ರಿಯಿಡೀ ಓಡಿ 6 ಯೂನಿಟ್ ತಿಂದಿತು ಅಂದುಕೊಳ್ಳಿ, ಅಷ್ಟರಲ್ಲಿ ನಮ್ಮ ಹೊಸ ಫ್ಯಾನ್ 200 ತಾಸು ತಿರುಗುತ್ತದೆ! ಸ್ಟಾರ್ ಎಷ್ಟೇ ಇರಲಿ, ಅದು ಇನ್ನೊಂದು ಎಸಿಗಿಂತ ಕಡಿಮೆ ತಿನ್ನಬಹುದು, ಫ್ಯಾನಿಗಿಂತ ಅಲ್ಲ.

ನಮ್ಮಲ್ಲಿ ಇದಕ್ಕೆ ಸ್ವಲ್ಪ ಕಡಿವಾಣ ಹಾಕಿದ್ದು 2023ರ ಗೃಹಜ್ಯೋತಿ, ಅದೂ ವಿಚಿತ್ರ ರೀತಿಯಲ್ಲಿ. ಮಿತಿಯೊಳಗೆ ಬಿಲ್ ಸೊನ್ನೆ, ಹಾಗಾಗಿ ಸ್ವಿಚ್ ಕಡೆ ಯಾರೂ ನೋಡಲ್ಲ. ಆದರೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕಲ್ವಾ? ಹಾಗಾಗಿ ಬೇಸಿಗೆ ಬಂತೆಂದರೆ ಎಸಿ ಇರೋರು ತಿಂಗಳ ಕೊನೆಯಲ್ಲಿ ದಿನಾ ಬೆಳಿಗ್ಗೆ ಎದ್ದು ಮೀಟರ್ ನೋಡಿ, "ಇವತ್ತ ರಾತ್ರಿ ಫ್ಯಾನ್ ಸಾಕು" ಅಂತಾರೆ.