ಚಕ್ರಕ್ಕೆ ಕೈಹಚ್ಚಿದ ವರದಿಗಾರ್ತಿ

ಬಳ್ಳಾರಿಯ ಮನೆಯಲ್ಲಿ ಕುಳಿತು ಫಾರ್ಮುಲಾ ಒನ್ ಕಾರ್ ರೇಸ್ ನೋಡುವಾಗ ನನ್ನ ಕಣ್ಣು ಕಾರುಗಳಿಗಿಂತ ಪಿಟ್ ಲೇನ್ (ರೇಸಿನ ನಡುವೆ ಟೈರು ಬದಲಿಸಲು ಕಾರುಗಳು ಬಂದು ನಿಲ್ಲುವ ಓಣಿ) ವರದಿಗಾರರ ಮೇಲೆಯೇ ಇರುತ್ತದೆ. ಬ್ರಿಟನ್ನಿನ ಐಟಿವಿ ವಾಹಿನಿಗಾಗಿ ಲೂಯಿಸ್ ಗುಡ್‌ಮನ್ 1997ರಿಂದ 2008ರವರೆಗೆ ಈ ಕೆಲಸ ಮಾಡಿದರು. 2006ರ ಬ್ರಿಟಿಷ್ ಗ್ರ್ಯಾನ್ ಪ್ರಿ ರೇಸಿನಲ್ಲಂತೂ ಮೈಕ್ ಬದಿಗಿಟ್ಟು, ಹೆಲ್ಮೆಟ್ ತೊಟ್ಟು, ಮಿಡ್‌ಲ್ಯಾಂಡ್ ತಂಡದ ಕಾರಿನ ಚಕ್ರ ಬದಲಿಸುವವರ ಜೊತೆ ನಿಂತರು. ಅದೂ ರೇಸ್ ನಡೆಯುತ್ತಿರುವಾಗಲೇ! ಕಾರು ನಿಲ್ಲುವುದೇ ಕೆಲವು ಸೆಕೆಂಡು. ಕಾದ ಟೈರು, ಕಿವಿಗಡಚಿಕ್ಕುವ ಸದ್ದು. ಹಾಗೆ ಕೈಹಚ್ಚಿ ನೋಡಿದವರ ಮಾತಿನ ತೂಕವೇ ಬೇರೆ.

ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಟೈರು ಬಿಚ್ಚುವ ಹುಡುಗರ ಕೈಚಳಕವನ್ನೂ ಪಕ್ಕದಲ್ಲೇ ನಿಂತು ಹೇಳಬಲ್ಲ ವರದಿಗಾರ್ತಿಯೊಬ್ಬಳು ನಮ್ಮೂರಿನಿಂದ ಬರಬೇಕು. ಪತ್ರಿಕೋದ್ಯಮ ಓದುತ್ತಿರುವ ತಂಗಿಗೆ ಇಂದು ಇದನ್ನೇ ಹೇಳಿದೆ.